ಹಾಡಿದವರ ಹೆಸರು, ಬಾರಿಸಿದವರ ಹೆಸರು

(ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)



ನಮ್ಮ ವಾಚನಾಲಯದಲ್ಲಿ ವಾರಕ್ಕೊಮ್ಮೆ ಹಾಡು ಕೇಳುವ ಏರ್ಪಾಡು ಆಗಲೆಂದು ನೀವೆಲ್ಲ ವಂತಿಗೆ ಕೊಟ್ಟಿದ್ದೀರಿ. ಪಾಳಿ ಮುಗಿಸಿ ಬಂದವರು ಜೇಬಿನಿಂದ ತೆಗೆದುಕೊಟ್ಟ ಹಣ ಅದು. ಅಂಗಡಿಯವರು ಗಲ್ಲೆಯಿಂದ ಎತ್ತಿಕೊಟ್ಟ ಹಣ ಅದು. ಆ ಹಣದಲ್ಲಿ ಯಾವ ಯಾವ ಮುದ್ರಿಕೆಗಳನ್ನು ಕೊಳ್ಳಬೇಕೆಂದು ನೋಡಿ ಹೇಳುವ ಕೆಲಸವನ್ನು ನಮಗೆ ಒಪ್ಪಿಸಿದಿರಿ. ನಾವು ಸಂಗೀತದ ಪಂಡಿತರಲ್ಲ. ಮಾಸ್ತರಿಕೆ ಬಿಟ್ಟು ಸಂಘದ ಕೆಲಸಕ್ಕೆ ಬಂದವರು. ಆದರೆ ಸಾಮಾನು ಕೊಳ್ಳುವವನು ತಕ್ಕಡಿಯನ್ನು ನೋಡಬೇಕು ಎಂಬಷ್ಟು ನಮಗೂ ಗೊತ್ತು. ಆ ತಕ್ಕಡಿಯ ಮಾತನ್ನೇ ಇಂದು ಆಡುತ್ತೇವೆ.

“ಹಾಡೆಲ್ಲ ಮೊಬೈಲಿನಲ್ಲಿ ಪುಕ್ಕಟೆ ಸಿಗುವಾಗ ದುಡ್ಡು ಯಾಕೆ ಸುರಿಯಬೇಕು, ಮಾಸ್ತರೆ?” ಎಂದು ಕಳೆದ ಸಭೆಯಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಹೇಳಲು 1902ಕ್ಕೆ ಹೋಗಬೇಕು.

ಆ ವರ್ಷ ಇಂಗ್ಲೆಂಡಿನ ಗ್ರಾಮಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲಕತ್ತೆಗೆ ಬಂದು ಹಾಡುಗಳನ್ನು ಮುದ್ರಿಸಿಕೊಂಡ. ಆಗ ವಿದ್ಯುತ್ ಮೈಕು ಇರಲಿಲ್ಲ. ದೊಡ್ಡ ಕಹಳೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ಸುಮಾರು ಮೂರು ನಿಮಿಷದಲ್ಲಿ ಮುಗಿಸಬೇಕು. ಗೌಹರ್ ಜಾನ್ ಹಾಗೆ ಹಾಡಿ, ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಿದಳು. ಯಾಕೆ? ಪ್ಲೇಟು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರನಿಗೆ ಇದು ಯಾರ ಹಾಡೆಂದು ತಿಳಿದರೆ ತಾನೆ ಸರಿಯಾದ ಚೀಟಿ ಅಂಟಿಸಿಯಾನು! ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದ ಈಕೆ 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ಹೆಸರು ಮಾತ್ರ ಇಂದಿಗೂ ಆ ಪ್ಲೇಟಿನಲ್ಲಿ ಕೂಗುತ್ತಿದೆ.

ಆದರೆ ಮಿತ್ರರೆ, ಆ ಕಾಲದ ಪ್ಲೇಟುಗಳಲ್ಲಿ ಹಾಡಿದವರ ಹಿಂದೆ ಸಾರಂಗಿ ನುಡಿಸಿದವರು, ತಬಲಾ ಬಾರಿಸಿದವರು ಇದ್ದರಲ್ಲ? ಅವರಿಗೆ ಹೆಸರು ಕೂಗುವ ಸರದಿ ಬರಲಿಲ್ಲ. ಚೀಟಿಯ ಮೇಲೂ ಬಹುಪಾಲು ಅವರ ಹೆಸರಿಲ್ಲ. ಪ್ಲೇಟಿಗೆ ಬೇಕಾದ ಅರಗನ್ನು ಛೋಟಾನಾಗಪುರದ ಕಡೆಯ ಕಾಡುಗಳಲ್ಲಿ ಕೊಂಬೆಯಿಂದ ಬಿಡಿಸಿದ ಆದಿವಾಸಿಗಳಿದ್ದರು. 1908ರಲ್ಲಿ ಕಲಕತ್ತೆಯ ಸಿಯಾಲ್ದಾದಲ್ಲಿಯೇ ಕಾರ್ಖಾನೆ ಆದ ಮೇಲೆ ಆ ಅರಗಿಗೆ ಕಲ್ಲಿನ ಪುಡಿ, ಕಾಡಿಗೆ ಬೆರೆಸಿ, ಕಾಯಿಸಿ, ಒತ್ತಿ ಪ್ಲೇಟು ತೆಗೆದ ನಮ್ಮಂಥ ಕೈಗಳಿದ್ದವು. ಒಂದು ಧ್ವನಿಯ ಹಿಂದೆ ಇಷ್ಟು ಜನರ ಬೆವರಿದೆ.

ಈಗ ಆ ಹಳೆಯ ಪ್ಲೇಟುಗಳನ್ನು ಶುಚಿಮಾಡಿ ಸಿ.ಡಿ.ಯಾಗಿಯೋ ದೊಡ್ಡ ಎಲ್.ಪಿ.ಯಾಗಿಯೋ ಮತ್ತೆ ಹೊರಡಿಸುತ್ತಿದ್ದಾರೆ. ನಮ್ಮ ದೇಶದ ಕಾನೂನಿನಲ್ಲಿ ಧ್ವನಿಮುದ್ರಣದ ಮೇಲಿನ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 1930ರ ದಶಕದ ಪ್ಲೇಟಿನ ಧ್ವನಿಯ ಮೇಲೆ ಈಗ ಯಾರಿಗೂ ಒಡೆತನವಿಲ್ಲ. ಹಾಗಾದರೆ ನಾವು ಹಣ ಕೊಡುವುದು ಯಾತಕ್ಕೆ? ಶುಚಿಮಾಡಿದ ಕೆಲಸಕ್ಕೆ, ಹುಡುಕಿ ಬರೆದ ವಿವರಕ್ಕೆ. ಆ ಕೆಲಸ ಆಗಿರದಿದ್ದರೆ ಅದು ಕಲಬೆರಕೆ ಮಾಲು. ಪುಕ್ಕಟೆ ಸಿಕ್ಕರೂ ದುಬಾರಿ.

ನಾವೇ ಮೋಸ ಹೋದ ಕಥೆ ಕೇಳಿ. ಒಂದು ಸಿ.ಡಿ. ಕೊಂಡೆವು. ಮುಖಪುಟದ ತುಂಬ ಗಾಯಕರ ಬಣ್ಣದ ಚಿತ್ರ. ಒಳಗೆ ವರ್ಷವಿಲ್ಲ, ಪಕ್ಕವಾದ್ಯದವರ ಹೆಸರಿಲ್ಲ. ಹಾಡು ಹಚ್ಚಿದರೆ, ಗಂಡು ಧ್ವನಿ ಹುಡುಗನ ಧ್ವನಿಯಂತೆ ಓಡುತ್ತಿದೆ. ಹಳೆಯ ಪ್ಲೇಟುಗಳಿಗೆ ‘78 ಸುತ್ತಿನವು’ ಎಂದು ಹೆಸರು ಬಿದ್ದಿದ್ದರೂ ಮೊದಲ ದಶಕಗಳಲ್ಲಿ ಎಲ್ಲವನ್ನೂ ಅದೇ ವೇಗದಲ್ಲಿ ಮುದ್ರಿಸಿರಲಿಲ್ಲ. ನಿಧಾನವಾಗಿ ಮುದ್ರಿಸಿದ್ದನ್ನು 78ಕ್ಕೆ ತಿರುಗಿಸಿದರೆ ಶ್ರುತಿ ಏರುತ್ತದೆ, ತಾಳ ಓಡುತ್ತದೆ. ಅದನ್ನು ಸರಿಪಡಿಸುವ ತಾಳ್ಮೆ ಆ ಸಿ.ಡಿ. ತೆಗೆದವರಿಗೆ ಇರಲಿಲ್ಲ. ಇನ್ನು ಕೆಲವರು ಮುಳ್ಳಿನ ಚರಚರ ಸದ್ದನ್ನು ಅಳಿಸುವ ಭರದಲ್ಲಿ ತಬಲಾದ ಪೆಟ್ಟನ್ನೂ ಗಾಯಕರ ಉಸಿರನ್ನೂ ಅಳಿಸಿಬಿಡುತ್ತಾರೆ. ಹೊಟ್ಟು ತೂರುವಾಗ ಕಾಳನ್ನೂ ತೂರಿದ ಹಾಗೆ.

ಆದರೆ ತೆಳ್ಳಗೆ ಕೇಳಿದ್ದೆಲ್ಲ ವೇಗದ ತಪ್ಪೂ ಅಲ್ಲ. ನಮ್ಮ ಗಂಗೂಬಾಯಿ ಹಾನಗಲ್ಲರನ್ನೇ ನೋಡಿರಿ. ಅವರ ಗಡಸು ಧ್ವನಿ ನಿಮಗೆಲ್ಲ ಪರಿಚಿತ. 1930ರ ದಶಕದ ಅವರ ಮೊದಮೊದಲ ಪ್ಲೇಟುಗಳಲ್ಲಿ ಇರುವುದು ಎತ್ತರದ, ತೆಳುವಾದ ಹೆಣ್ಣುಧ್ವನಿ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಧ್ವನಿ ಬದಲಾಯಿತು. ತಿಳಿಯದವನು “ಪ್ಲೇಟು ಜೋರಾಗಿ ತಿರುಗುತ್ತಿದೆ” ಎಂದು ಅದನ್ನು ‘ತಿದ್ದಿ’ ಕೆಡಿಸಬಹುದು. ಅಲ್ಲದೆ ಆ ಕಾಲದ ಪ್ಲೇಟುಗಳು ಬಂದದ್ದು ಗಾಂಧಾರಿ ಎಂಬ ಹೆಸರಿನಲ್ಲಿ. ವರ್ಷವನ್ನೂ ಎರಡು ಹೆಸರಿನ ಸಂಬಂಧವನ್ನೂ ಬರೆದು ತಿಳಿಸಿದರೆ, ಒಬ್ಬ ಹೆಣ್ಣುಮಗಳು ತನ್ನ ದನಿ ಹೋದ ಮೇಲೆ ಎದೆಗುಂದದೆ ಹೊಸ ದನಿಯಲ್ಲಿ ಕಿರಾನಾ ಗಾಯನವನ್ನು ಕಟ್ಟಿದ ಕಥೆ ನಮಗೆ ಕೇಳಿಸುತ್ತದೆ. ತಿಳಿಸದಿದ್ದರೆ ಯಾರೋ ಒಬ್ಬಾಕೆ ಹಾಡಿದಂತೆ ಆಗುತ್ತದೆ. ಆದ್ದರಿಂದ ಅವರ ಮುದ್ರಿಕೆಗಳಲ್ಲಿ ಹಳೆಯ ದನಿ, ಹೊಸ ದನಿ ಎರಡನ್ನೂ ವರ್ಷಸಹಿತ ಕೊಟ್ಟಿರುವುದನ್ನೇ ಕೊಳ್ಳೋಣ ಎಂದು ನಮ್ಮ ಸಲಹೆ.

ಕಡಲಾಚೆಯ ಒಂದು ಮುದ್ರಿಕೆಯನ್ನೂ ನಾವು ಕೇಳಿದೆವು. ಗಿರಣಿಯವರು ಗಮನವಿಟ್ಟು ಕೇಳಬೇಕು. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಗ್ಯಾಸ್ಟೋನಿಯಾ ಎಂಬ ಹತ್ತಿಗಿರಣಿಯ ಊರಿದೆ. 1929ರಲ್ಲಿ ಅಲ್ಲಿಯ ಲೋರೆ ಗಿರಣಿಯಲ್ಲಿ ದೊಡ್ಡ ಮುಷ್ಕರವಾಯಿತು. ಎಲಾ ಮೇ ವಿಗಿನ್ಸ್ ಎಂಬ ಗಿರಣಿ ಕೆಲಸದ ತಾಯಿ ತಾನೇ ಹಾಡು ಕಟ್ಟಿ ಸಭೆಗಳಲ್ಲಿ ಹಾಡುತ್ತಿದ್ದಳು. ಆ ವರ್ಷ ಸೆಪ್ಟೆಂಬರ್ 14ರಂದು ಸಂಘದ ಸಭೆಗೆ ಲಾರಿಯಲ್ಲಿ ಹೊರಟಾಗ ಅವಳನ್ನು ಗುಂಡಿಟ್ಟು ಕೊಂದರು. ಅವಳ ಹಾಡನ್ನು ಬೇರೆಯವರು ಬರೆದಿಟ್ಟರು, ಮುಂದೆ ಬೇರೆಯವರು ಹಾಡಿದರು. ಅವಳ ದನಿ ಮಾತ್ರ ಯಾವ ಪ್ಲೇಟಿಗೂ ಹತ್ತಲಿಲ್ಲ.

ಮರುವರ್ಷ, 1930ರಲ್ಲಿ, ಅದೇ ಸೀಮೆಯ ಗಿರಣಿ ಕೆಲಸಗಾರ ಡೇವ್ ಮೆಕಾರ್ನ್ ತನ್ನ ಹತ್ತಿಗಿರಣಿಯ ಹಾಡನ್ನು ವಿಕ್ಟರ್ ಕಂಪನಿಗೆ ಹಾಡಿದ. ಕಡಿಮೆ ಪಗಾರ, ಸಾಲಗಾರನ ಕಾಟ ಇವನ್ನೆಲ್ಲ ನಗುನಗುತ್ತ ಹಾಡಿರುವನು. ನಗುವಿನ ಅಡಿಯಲ್ಲಿ ಬೆಂಕಿ ಇದೆ. ಇಂಥ ಗಿರಣಿಯವರ 1920, 30ರ ಸುಮಾರಿನ ಪ್ಲೇಟುಗಳನ್ನು ಓಲ್ಡ್ ಹ್ಯಾಟ್ ಎಂಬ ಸಣ್ಣ ಸಂಸ್ಥೆ ‘ಗ್ಯಾಸ್ಟೋನಿಯಾ ಗ್ಯಾಲಪ್’ ಎಂಬ ಸಿ.ಡಿ.ಯಾಗಿ 2009ರಲ್ಲಿ ಹೊರತಂದಿತು. ಬರಿಯ ‘ಹಳ್ಳಿ ಸಂಗೀತ’ ಎಂದು ಮಾರದೆ, ಹಾಡಿದವರು ಜವಳಿ ಕೆಲಸಗಾರರೆಂಬುದನ್ನು ಹೊದಿಕೆಯ ಮೇಲೆಯೇ ಸಾರಿತು. ಭಾಷೆ ತಿಳಿಯದಿದ್ದರೂ ಗಿಟಾರಿನ ಓಟ ತಿಳಿಯುತ್ತದೆ. ಅರ್ಥವನ್ನು ನಾವು ಕನ್ನಡದಲ್ಲಿ ಹೇಳುತ್ತೇವೆ. ಇದನ್ನೂ ಪಟ್ಟಿಗೆ ಸೇರಿಸಿದ್ದೇವೆ.

ಮೂರನೆಯದು ನಮ್ಮ ಮನೆಯದೇ. 1978ರ ‘ನಿತ್ಯೋತ್ಸವ’ ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಎಂದು ಹೆಸರಾದದ್ದು. ಬರೆದವರು ನಿಸಾರ್ ಅಹಮದ್, ರಾಗ ಹಾಕಿದವರು ಮೈಸೂರು ಅನಂತಸ್ವಾಮಿ ಎಂದು ಮಕ್ಕಳೂ ಹೇಳುತ್ತಾರೆ. ಕವಿಯ ಹೆಸರು ಹಾಡಿನ ಜೊತೆಗೇ ಮನೆಮನೆಗೆ ಹೋಯಿತು. ಅದು ಸಣ್ಣ ಮಾತಲ್ಲ. ಆದರೆ ಆ ಕ್ಯಾಸೆಟ್ಟಿನಲ್ಲಿ ತಬಲಾ ಬಾರಿಸಿದವರು ಯಾರೆಂದು ಕೇಳಿದರೆ ಈ ಸಭೆಯಲ್ಲಿ ಎಷ್ಟು ಕೈ ಮೇಲೇಳುತ್ತವೆ? ನಮ್ಮ ಕೈಯೂ ಏಳಲಿಲ್ಲ ಎಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ.

“ಹೆಸರಿನಿಂದ ಹೊಟ್ಟೆ ತುಂಬೀತೆ?” ಎಂದು ಕೇಳಬಹುದು. ತುಂಬದು. 1994ರ ತಿದ್ದುಪಡಿ ಬರುವವರೆಗೆ ಹಾಡುವವರಿಗೂ ಬಾರಿಸುವವರಿಗೂ ಈ ಕಾನೂನಿನಲ್ಲಿ ತಮ್ಮದೆಂಬ ಹಕ್ಕೇ ಇರಲಿಲ್ಲ. 2012ರ ತಿದ್ದುಪಡಿಯಿಂದ ಪಾಲು ಕೇಳುವ ಹಕ್ಕು ಇನ್ನಷ್ಟು ಗಟ್ಟಿಯಾಯಿತು. ಇಂದು ಬಾರಿಸುವವನು ಆ ಪಾಲನ್ನು ಕೇಳಬೇಕಾದರೆ ಮೊದಲು ಅವನ ಹೆಸರು ಪಟ್ಟಿಯಲ್ಲಿರಬೇಕು. ಹಾಜರಿ ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಪಗಾರವಿಲ್ಲವೆಂದು ಗಿರಣಿಯವರಿಗೆ ನಾವು ಹೇಳಿಕೊಡಬೇಕೆ? ತೀರಿಹೋದವರಿಗೆ ಹಣ ಕೊಡುವ ದಾರಿ ನಮಗಿಲ್ಲ, ಹೆಸರನ್ನಾದರೂ ಕೊಡಬಹುದು. ಶಾಲೆಯಲ್ಲಿ ಹಾಜರಿ ಕೂಗುವಾಗ ಒಮ್ಮೆ ಒಬ್ಬ ಹುಡುಗನ ಹೆಸರನ್ನು ಬಿಟ್ಟುಬಿಟ್ಟೆವು. ಅವನು ಏನೂ ಅನ್ನಲಿಲ್ಲ. ಇಡೀ ದಿನ ತಲೆ ಎತ್ತಲಿಲ್ಲ. ಆ ಮುಖ ಇಂದಿಗೂ ನಮ್ಮ ಕಣ್ಣ ಮುಂದಿದೆ.

ಆದ್ದರಿಂದ ಯಾವ ಮುದ್ರಿಕೆ ಕೊಳ್ಳುವಾಗಲೂ ನಾಲ್ಕು ಪ್ರಶ್ನೆ ಕೇಳೋಣ. ಯಾವ ವರ್ಷದ್ದು? ವೇಗ ಸರಿಯಿದೆಯೆ? ಸದ್ದು ಅಳಿಸುವಾಗ ಸಂಗೀತ ಅಳಿಸಿದ್ದಾರೆಯೆ? ಬಾರಿಸಿದವರ ಹೆಸರಿದೆಯೆ, ಇಲ್ಲದಿದ್ದರೆ ತಿಳಿಯದೆಂದಾದರೂ ಬರೆದಿದ್ದಾರೆಯೆ? ಹಾಡು ಹಚ್ಚುವ ಮೊದಲು ಎಲ್ಲರ ಹೆಸರನ್ನೂ ಗಟ್ಟಿಯಾಗಿ ಓದೋಣ.

ಗದಗಿನಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಹುಡುಗರಾಗಿದ್ದಾಗ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿ, ಗುರುವನ್ನು ಹುಡುಕಲು ಮನೆಬಿಟ್ಟು ಓಡಿದವರು. ನಮ್ಮ ವಾಚನಾಲಯದ ಕಿಟಕಿಯ ಹೊರಗೂ ಅಂಥ ಹುಡುಗ ನಿಂತಿರಬಹುದು. ಅವನ ಕಿವಿಗೆ ಕೆಟ್ಟ ಮಾಲು ಬೀಳಬಾರದು.

ಕೊನೆಯದಾಗಿ, ಯಾರ ಮನೆಯ ಅಟ್ಟದಲ್ಲಾದರೂ ಅಜ್ಜನ ಕಾಲದ ಪ್ಲೇಟು ಇದ್ದರೆ ಬರುವ ಭಾನುವಾರ ತನ್ನಿರಿ. ಮಾರಲಿಕ್ಕಲ್ಲ, ಚೀಟಿಯ ಮೇಲಿನ ಹೆಸರುಗಳನ್ನು ಬರೆದುಕೊಂಡು ತಿರುಗಿ ಕೊಡುತ್ತೇವೆ. ಒಂದರ ಮೇಲೊಂದು ಹೇರಬೇಡಿ, ನೆಟ್ಟಗೆ ನಿಲ್ಲಿಸಿ ತನ್ನಿ. ಧೂಳನ್ನು ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿರಿ. ಸ್ಪಿರಿಟ್ ಮಾತ್ರ ಹಚ್ಚಬೇಡಿ. ಅರಗು ಕರಗಿ ಹಾಡೇ ಹೋಗಿಬಿಡುತ್ತದೆ.