ಬೇಡದ ಅಂಚೆಯೂ ಕಪ್ಪು ಪಟ್ಟಿಯ ಧರ್ಮವೂ

ಬಾಗಿಲಿಗೆ ಬಂದವರನ್ನೆಲ್ಲ ಒಳಗೆ ಕರೆಯಲೇಬೇಕೆಂಬ ನಿಯಮವೇನೂ ಇಲ್ಲ. ಬೇಡದವನಿಗೆ ‘ಮುಂದೆ ಹೋಗಪ್ಪ’ ಎನ್ನುವ ಹಕ್ಕು ಮನೆಯ ಯಜಮಾನನಿಗೆ ಇದ್ದೇ ಇದೆ. ಆದರೆ ಬಾಗಿಲು ಕಾಯುವವನು ಬೇರೆಯವನಾಗಿ, ಅವನು ಯಾರನ್ನು ಹಿಂದಕ್ಕೆ ಅಟ್ಟಿದನೆಂಬುದು ಯಜಮಾನನಿಗೇ ತಿಳಿಯದೆ ಹೋದರೆ? ಇ-ಮೇಲಿನ ಕಪ್ಪು ಪಟ್ಟಿಗಳ ವಿಚಾರದಲ್ಲಿ ಏಳುವ ಪ್ರಶ್ನೆ ಇದು.

ಸಂಡೂರು ತಾಲ್ಲೂಕಿನ ನಮ್ಮ ವಡ್ಡಿನ ಹುಡುಗನೊಬ್ಬ, ನನ್ನ ಹಳೆಯ ವಿದ್ಯಾರ್ಥಿ, ಬೆಂಗಳೂರಿನಲ್ಲಿ ಒಂದು ಕೆಲಸಕ್ಕೆ ಆಯ್ಕೆಯಾದ. ಅವನ ವ್ಯಾಸಂಗದ ದೃಢೀಕರಣವು ಶಾಲೆಯ ಇ-ಮೇಲ್ ವಿಳಾಸದಿಂದಲೇ ಬರಬೇಕೆಂದು ಅಲ್ಲಿಯವರು ಕೇಳಿದರು. ಕಳುಹಿಸಿದೆವು; ಪತ್ರ ಹಿಂದಿರುಗಿತು. ಮತ್ತೆ ಕಳುಹಿಸಿದೆವು, ಮತ್ತೆ ಹಿಂದಿರುಗಿತು. ವಿಚಾರಿಸಿದಾಗ ತಿಳಿದದ್ದು ಇಷ್ಟು: ನಮ್ಮ ಪತ್ರಗಳನ್ನು ಸಾಗಿಸುವ ಕಂಪ್ಯೂಟರನ್ನೇ ಇನ್ನೂ ಹಲವು ಸಂಸ್ಥೆಗಳು ಬಳಸುತ್ತಿದ್ದವು. ಅವುಗಳಲ್ಲಿ ಯಾವುದೋ ಒಂದು, ಯಾರೂ ಕೇಳದ ಜಾಹೀರಾತುಗಳನ್ನು ಸಾವಿರಾರು ಮಂದಿಗೆ ಹರಿಯಬಿಟ್ಟಿತ್ತು. ಆ ಕಂಪ್ಯೂಟರಿನ ಸಂಖ್ಯೆಯೇ ಕಪ್ಪು ಪಟ್ಟಿಗೆ ಸೇರಿಹೋಗಿತ್ತು. ಕೊನೆಗೆ ಸ್ಪೀಡ್ ಪೋಸ್ಟಿನಲ್ಲಿ ಹೋದ ಕಾಗದ ತಲುಪುವ ವೇಳೆಗೆ ಗಡುವು ಮುಗಿದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಹುಡುಗನಿಗೆ ಕೆಲಸ ತಪ್ಪಿತು.

ಹಾಗೆಂದು ಪಟ್ಟಿಗಳೇ ಬೇಡವೆನ್ನೋಣವೇ? ಅದು ನ್ಯಾಯವಾಗದು. 1978ರ ಮೇ ತಿಂಗಳಲ್ಲಿ ಅಮೆರಿಕದ ಒಂದು ಕಂಪ್ಯೂಟರ್ ಕಂಪನಿಯ ಗ್ಯಾರಿ ಥ್ಯೂರ್ಕ್ ಎಂಬವರು ತಮ್ಮ ಸರಕಿನ ಪ್ರಚಾರವನ್ನು ಸುಮಾರು 400 ಮಂದಿಗೆ ಒಮ್ಮೆಗೇ ಕಳುಹಿಸಿದರು. ಬೇಡದ ಮಿಂಚಂಚೆಗೆ ಅದೇ ನಾಂದಿ ಎನ್ನುತ್ತಾರೆ. ಕಾಗದದ ಅಂಚೆಯಲ್ಲಿ ಕಳುಹಿಸುವವನೇ ಸ್ಟಾಂಪು ಹಚ್ಚಬೇಕು. ಇಲ್ಲಿ ಲಕ್ಷ ಪತ್ರ ಬರೆದವನಿಗೂ ಖರ್ಚು ಅತ್ಯಲ್ಪ. ಅದನ್ನು ಹೊತ್ತು ತರುವ, ಕೂಡಿಡುವ, ಅಳಿಸುವ ಹೊರೆಯೆಲ್ಲ ಪಡೆಯುವವರದು. ಲಾಟರಿ ಬಂದಿದೆಯೆಂದೂ ಬ್ಯಾಂಕಿನ ಖಾತೆ ನಿಂತುಹೋಗುತ್ತದೆಂದೂ ನಂಬಿಸಿ ಹಣ ದೋಚುವವರು ಬರುವುದೂ ಈ ದಾರಿಯಿಂದಲೇ. ಕಾವಲಿಲ್ಲದಿದ್ದರೆ ಪತ್ರಪೆಟ್ಟಿಗೆ ಕಸದ ತೊಟ್ಟಿಯಾದೀತು.

ಈ ಕಾವಲಿಗಾಗಿ 1997ರಲ್ಲಿ ಅಮೆರಿಕದ ಪಾಲ್ ವಿಕ್ಸಿ ಮೊದಲಾದವರು ಒಂದು ಪಟ್ಟಿಯನ್ನು ಆರಂಭಿಸಿದರು. 1998ರಲ್ಲಿ ಲಂಡನ್ನಿನಲ್ಲಿ ಸ್ಟೀವ್ ಲಿನ್‌ಫರ್ಡರು ‘ಸ್ಪ್ಯಾಮ್‌ಹೌಸ್’ ಕಟ್ಟಿದರು. ಪತ್ರವೊಂದು ಬಂದೊಡನೆ, ಅದನ್ನು ಒಡೆಯುವ ಮೊದಲೇ, ಪಡೆಯುವ ಕಂಪ್ಯೂಟರು ‘ಈ ಸಂಖ್ಯೆ ಪಟ್ಟಿಯಲ್ಲಿದೆಯೇ?’ ಎಂದು ಕೇಳುತ್ತದೆ. ‘ಇದೆ’ ಎಂದು ಉತ್ತರ ಬಂದರೆ ಬಾಗಿಲು ಮುಚ್ಚುತ್ತದೆ. ತೋರಣಗಲ್ಲಿನ ಅಂಚೆ ಮುದ್ರೆಯನ್ನು ನೋಡಿಯೇ ಆ ಊರಿನ ಕಾಗದಗಳನ್ನೆಲ್ಲ ಹಿಂದಿರುಗಿಸಿದಂತೆ ಇದು. 2001ರಲ್ಲಿ ಹುಟ್ಟಿ ಕೆಲವು ವರ್ಷ ನಡೆದ ‘ಸ್ಪ್ಯೂಸ್’ ಎಂಬ ಪಟ್ಟಿಯಂತೂ ತಪ್ಪಿತಸ್ಥನ ನೆರೆಯವರನ್ನೂ ಬೇಕೆಂದೇ ಸೇರಿಸುತ್ತಿತ್ತು. ನೆರೆಯವರು ಗೋಳಾಡಿದರೆ, ಜಾಗ ಕೊಟ್ಟ ಕಂಪನಿಯವರು ಆ ದುಷ್ಟನನ್ನು ಹೊರಹಾಕುವರೆಂಬುದು ಅದರ ತರ್ಕ. ಅದನ್ನು ನಡೆಸುವವರಾದರೋ ತಮ್ಮ ಹೆಸರನ್ನೇ ಹೇಳಿಕೊಳ್ಳಲಿಲ್ಲ.

ಈ ತರ್ಕದ ರುಚಿ ನನಗೆ ಗೊತ್ತು. ಮೇಷ್ಟರಿಲ್ಲದ ವೇಳೆಯಲ್ಲಿ ಗಲಾಟೆ ಮಾಡುವವರ ಹೆಸರನ್ನು ಮಾನಿಟರು ಬೋರ್ಡಿನ ಮೇಲೆ ಬರೆಯುವುದುಂಟು. ಒಮ್ಮೆ ಆ ಹೆಸರುಗಳನ್ನು ನಂಬಿ, ಇಡೀ ಬೆಂಚಿನವರನ್ನು ಎದ್ದು ನಿಲ್ಲಿಸಿದೆ. ನಿಜವಾದ ತುಂಟ ನಗುತ್ತಲೇ ಇದ್ದ. ಮಾತನ್ನೇ ಆಡದ ಹುಡುಗನೊಬ್ಬನ ಕಣ್ಣಲ್ಲಿ ನೀರು ಬಂತು. ಗದ್ದಲವೇನೋ ಅಡಗಿತು. ನ್ಯಾಯ ನಡೆಯಿತೆಂದು ಮಾತ್ರ ಇಂದಿಗೂ ಹೇಳಲಾರೆ.

ಫೋನಿನ ಜಾಹೀರಾತುಗಳ ತಡೆಗೆ ನಮ್ಮ ದೇಶದಲ್ಲಿ 2007ರಲ್ಲಿ ಒಂದು ದಾಖಲೆ ಬಂದಿತು. 1909 ಸಂಖ್ಯೆಗೆ ತಿಳಿಸಿ ‘ನನಗೆ ಬೇಡ’ ಎಂದು ಇಂದಿಗೂ ನೋಂದಾಯಿಸಬಹುದು. ಇವೆರಡರ ಭೇದವನ್ನು ಗಮನಿಸಿ. ಅದು ‘ಬೇಡ’ ಎಂದವರ ಪಟ್ಟಿ. ಇದು ‘ಬೇಡವಾದವರ’ ಪಟ್ಟಿ. ಅಲ್ಲಿ ನನ್ನ ಹೆಸರನ್ನು ನಾನೇ ಬರೆಸುತ್ತೇನೆ. ಇಲ್ಲಿ ನನ್ನ ಹೆಸರನ್ನು ಇನ್ನೊಬ್ಬರು ಬರೆಯುತ್ತಾರೆ. ಆದಕಾರಣ ಬರೆಯುವವರ ಹೊಣೆ ಹೆಚ್ಚು.

ಆ ಹೊಣೆ ಯಾವುದು? ಏಕೆ ಸೇರಿಸಿದೆವೆಂದು ಹೇಳಬೇಕು. ತಪ್ಪು ತಿದ್ದಿಕೊಂಡವರಿಗೆ ಹೊರಬರುವ ದಾರಿ ತೆರೆದಿರಬೇಕು. ಪತ್ರದ ವಿಷಯ ತಮಗೆ ಹಿಡಿಸದೆಂದು ತಡೆಯಬಾರದು. ಪಡೆಯುವವರ ಒಪ್ಪಿಗೆಯಿತ್ತೇ ಎಂಬುದನ್ನಷ್ಟೇ ನೋಡಬೇಕು. ‘ಕಿರಿಕಿರಿ’ ಎಂಬ ಅಳತೆಗೋಲು ಎಷ್ಟು ಸಡಿಲವೆಂಬುದನ್ನು ನಾವು ಕಂಡಿದ್ದೇವೆ. ಕಿರಿಕಿರಿಯ ಸಂದೇಶವನ್ನು ಅಪರಾಧವೆಂದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ವಿಧಿಯನ್ನು ಸುಪ್ರೀಂ ಕೋರ್ಟು 2015ರಲ್ಲಿ ರದ್ದುಗೊಳಿಸಿತು. ಎಲ್ಲಕ್ಕಿಂತ ಮುಖ್ಯವಾಗಿ, ನೆರೆಯವನನ್ನು ಹೊಡೆದು ಕಳ್ಳನನ್ನು ಹೆದರಿಸಬಾರದು. ನೆಗಡಿ ಬಂತೆಂದು ಮೂಗು ಕೊಯ್ಯುವವರುಂಟೆ?

ನಮ್ಮ ಕೈಯಲ್ಲೂ ಒಂದು ಸೀಮೆಸುಣ್ಣವಿದೆಯೆಂಬುದನ್ನು ಮರೆಯಬಾರದು. ಇ-ಮೇಲಿನಲ್ಲಿ ‘ಸ್ಪ್ಯಾಮ್’ ಎಂಬ ಗುಂಡಿಯನ್ನು ಒತ್ತಿದಾಗಲೆಲ್ಲ ನಾವೂ ಬೋರ್ಡಿನ ಮೇಲೆ ಒಂದು ಹೆಸರು ಬರೆಯುತ್ತೇವೆ. ನಾವೇ ಕೇಳಿ ತರಿಸಿಕೊಂಡ ಪತ್ರ ಬೇಸರವಾದರೆ, ಇನ್ನು ಬೇಡವೆಂದು ಅವರಿಗೆ ತಿಳಿಸೋಣ. ಸ್ಪ್ಯಾಮ್ ಎಂದು ದೂರುವುದು ಬೇಡ. ವಾರಕ್ಕೊಮ್ಮೆಯಾದರೂ ಆ ಸ್ಪ್ಯಾಮ್ ಪೆಟ್ಟಿಗೆಯನ್ನು ತೆರೆದು ನೋಡಿ. ಬಾಗಿಲಲ್ಲೇ ತಡೆದ ಪತ್ರ ಅಲ್ಲಿಗೂ ಬಾರದು, ನಿಜ. ಆದರೂ ಒಳಗೆ ಬಂದು ಮೂಲೆ ಸೇರಿದ ಯಾವನೋ ಹುಡುಗನ ಕಾಗದ ನಿಮ್ಮ ಕಣ್ಣಿಗೆ ಬಿದ್ದೀತು.