ಕಾಂಡ್ಲಾ ಮತ್ತು ಕಡಲ ಉಪ್ಪು

ಕುಮಟಾದ ಅಘನಾಶಿನಿ ಅಳಿವೆಯಲ್ಲಿ ಭರತ ಬಂದಾಗ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡ ಉಪ್ಪುನೀರಿನಲ್ಲಿ ಮುಳುಗುತ್ತದೆ. ಕಡಲ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಭತ್ತದ ಸಸಿ ಅದರಲ್ಲಿ ಬದುಕದು. ಕಾಂಡ್ಲಾದ ಮೊದಲ ಕಾವಲು ಬೇರಿನಲ್ಲಿದೆ. ಕಾಂಡ್ಲಾದ ಒಂದು ಬಗೆಯಾದ ರೈಜೋಫೋರಾದ ಬೇರಿನ ಕೋಶಗಳ ಗೋಡೆಗೆ ಸುಬೆರಿನ್ ಎಂಬ ಮೇಣದಂಥ ಲೇಪವಿದ್ದು, ಶೇ 90ಕ್ಕೂ ಹೆಚ್ಚು ಉಪ್ಪು ಹೊರಗೇ ಉಳಿಯುತ್ತದೆ. ಇನ್ನೊಂದು ಬಗೆಯಾದ ಅವಿಸೀನಿಯಾದಲ್ಲಿ ಬೇರು ದಾಟಿ ಬಂದ ಉಪ್ಪನ್ನು ಎಲೆಯ ಗ್ರಂಥಿಗಳು ಹೊರಹಾಕುತ್ತವೆ. ಬಿಸಿಲೇರಿದ ಮೇಲೆ ಆ ಎಲೆಯನ್ನು ಸವರಿದರೆ ಬೆರಳಿಗೆ ಸಣ್ಣ ಸಣ್ಣ ಹರಳುಗಳು ಅಂಟುತ್ತವೆ.

ನಿಜವಾದ ಸೋಜಿಗವಿರುವುದು ಒಳಗೆ ಉಳಿದ ಉಪ್ಪಿನ ನಿರ್ವಹಣೆಯಲ್ಲಿ. ಕೋಶದೊಳಗಿನ ರಸದಾನಿಯ (ವ್ಯಾಕ್ಯೂಲ್) ಪೊರೆಯಲ್ಲಿರುವ ಪ್ರೋಟೀನುಗಳು ಸೋಡಿಯಂ ಅಯಾನುಗಳನ್ನು ಒಳಕ್ಕೆ ತಳ್ಳಿ ಕೂಡಿಡುತ್ತವೆ. ಬದಲಿಗೆ ಪ್ರೋಟಾನುಗಳು ಹೊರಬರುತ್ತವೆ. ರಸದಾನಿ ಹೀಗೆ ಉಪ್ಪಾದರೆ ಸುತ್ತಲಿನ ಕೋಶದ್ರವ್ಯದ ನೀರನ್ನು ಅದು ಹೀರಿಕೊಳ್ಳಬೇಕು. ಹಾಗಾಗದಂತೆ ಅವಿಸೀನಿಯಾ ಕೋಲೀನಿನಿಂದ ಗ್ಲೈಸಿನ್ ಬೀಟೈನ್ ತಯಾರಿಸಿ ಕೋಶದ್ರವ್ಯದಲ್ಲಿ ತುಂಬಿಸಿಕೊಳ್ಳುತ್ತದೆ. ಅದು ನೀರನ್ನು ಹಿಡಿದಿಡುತ್ತದೆ, ಕಿಣ್ವಗಳ ಆಕಾರವನ್ನೂ ಕಾಯುತ್ತದೆ, ಯಾವುದಕ್ಕೂ ಹಾನಿ ಮಾಡುವುದಿಲ್ಲ. ಸೊನ್ನರೇಶಿಯಾ ಎಂಬ ಮತ್ತೊಂದು ಬಗೆ ಇದೇ ಕೆಲಸಕ್ಕೆ ಮ್ಯಾನಿಟಾಲ್ ಬಳಸುತ್ತದೆ. ಉಪ್ಪಿನ ಒತ್ತಡದಲ್ಲಿ ಹುಟ್ಟುವ ಅಪಾಯಕಾರಿ ಆಮ್ಲಜನಕ ರೂಪಗಳನ್ನು ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಮತ್ತು ಕ್ಯಾಟಲೇಸ್ ಕಿಣ್ವಗಳು ಅಡಗಿಸುತ್ತವೆ.