ಮೈ ನಮ್ಮದು, ಎಂಜಿನ್ ಯಾರದ್ದು?

ಇವತ್ತು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ವೀಕ್ಷಕರಿಗೆ ಒಂದು ಪ್ರಶ್ನೆ. ಸಾವಿರ ಅಡಿ ಬೋರ್‌ವೆಲ್ ಕೊರೆಸಿದ್ದೀರಿ. ಕೇಸಿಂಗ್ ಹಾಕಿಸಿದ್ದೀರಿ, ಪೈಪ್ ಇಳಿಸಿದ್ದೀರಿ. ಆದರೆ ಹತ್ತು ಎಚ್‌ಪಿ ಮೋಟಾರ್ ಬೇಕಾದ ಕಡೆ ಐದು ಎಚ್‌ಪಿ ಬಿಟ್ಟರೆ ನೀರು ಬರುತ್ತಾ? ಬಂದರೂ ತೋಟಕ್ಕೆ ಸಾಕಾಗುತ್ತಾ? ಇಲ್ಲ ಅಲ್ವಾ? ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಒಂದು ಯುದ್ಧವಿಮಾನಕ್ಕೆ ಆಗಿದ್ದು ಇದೇ. ಅದರ ಹೆಸರು ಮಾರುತ್. ಎಚ್‌ಎಫ್-24.

ಈ ವಿಮಾನದ ವಿನ್ಯಾಸಕಾರ ಯಾರು ಗೊತ್ತಾ? ಜರ್ಮನಿಯ ಕುರ್ಟ್ ಟ್ಯಾಂಕ್. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಪೈಲಟ್‌ಗಳ ನಿದ್ದೆಗೆಡಿಸಿದ ಫೋಕೆ-ವುಲ್ಫ್ 190 ಇವರದೇ ಕೂಸು. ಒಬ್ಬನೇ ಪೈಲಟ್, ಒಂದೇ ಸೀಟು, ಮೂತಿಯಲ್ಲಿ ಹದಿನಾಲ್ಕು ಸಿಲಿಂಡರಿನ ಬಿಎಂಡಬ್ಲ್ಯು ಎಂಜಿನ್. ಆ ಎಂಜಿನ್ ತಣ್ಣಗಾಗೋದು ಗಾಳಿಯಿಂದ. ಗುಂಡು ತಗುಲಿ ನೀರು ಸೋರಿಹೋಗುವ ಭಯವಿಲ್ಲ. ಚಕ್ರಗಳನ್ನು ಅಗಲವಾಗಿ ಇಟ್ಟರು, ಹಳ್ಳದಿಣ್ಣೆಯ ನೆಲದಲ್ಲೂ ಇಳಿಯಲಿ ಅಂತ. ಟ್ಯಾಂಕ್ ಹಿಂದೆ ಕುದುರೆ ಸೈನ್ಯದಲ್ಲಿದ್ದವರು. ರೇಸಿನ ಕುದುರೆ ಬೇಡ, ರಣರಂಗದ ಕುದುರೆ ಬೇಕು ಅನ್ನೋದು ಅವರ ಲೆಕ್ಕ. 20,000ಕ್ಕೂ ಹೆಚ್ಚು ವಿಮಾನಗಳು ತಯಾರಾದವು.

ಯುದ್ಧ ಮುಗಿಯಿತು, ಜರ್ಮನಿ ಸೋತಿತು. ಟ್ಯಾಂಕ್ ಅರ್ಜೆಂಟೀನಾಕ್ಕೆ ಹೋದರು. ಅಲ್ಲಿಂದ 1956ರಲ್ಲಿ ಬೆಂಗಳೂರಿನ ಎಚ್‌ಎಎಲ್‌ಗೆ ಬಂದರು. ನೆಹರೂ ಸರ್ಕಾರ ಕೇಳಿದ್ದೇನು? ಶಬ್ದದ ಎರಡು ಪಟ್ಟು ವೇಗದ ಫೈಟರ್! ಸ್ವಂತವಾಗಿ ಜೆಟ್ ಫೈಟರ್ ವಿನ್ಯಾಸ ಮಾಡಿಯೇ ಗೊತ್ತಿಲ್ಲದ ದೇಶ ಇಂಥ ಕನಸು ಕಂಡಿತ್ತು. ನಮ್ಮ ಹುಡುಗರು ಟ್ಯಾಂಕ್ ಜೊತೆ ಕೂತು ಕಲಿತರು. ಮೊದಲು ಅದೇ ಅಳತೆಯ ಮರದ ಗ್ಲೈಡರ್ ಮಾಡಿ ಹಾರಿಸಿ ನೋಡಿದರು. 1961ರ ಜೂನ್‌ನಲ್ಲಿ ಸುರಂಜನ್ ದಾಸ್ ಅವರು ಮಾರುತ್ ಅನ್ನು ಆಕಾಶಕ್ಕೆ ಏರಿಸಿಯೇಬಿಟ್ಟರು.

ಹಿಂದಕ್ಕೆ ಬಾಗಿದ ರೆಕ್ಕೆ, ತೆಳ್ಳಗಿನ ಮೈ. ನಾಲ್ಕು 30 ಮಿಲಿಮೀಟರ್ ಫಿರಂಗಿ, ಹೊಟ್ಟೆಯೊಳಗೆ 50 ರಾಕೆಟ್, ರೆಕ್ಕೆಯ ಕೆಳಗೆ ಬಾಂಬು. ಎಲ್ಲಾ ಇತ್ತು. ಎಂಜಿನ್ ಒಂದು ಬಿಟ್ಟು!

ಟ್ಯಾಂಕ್ ನಂಬಿದ್ದು ಬ್ರಿಟನ್ನಿನ ಆರ್ಫಿಯಸ್-12 ಎಂಜಿನ್ ಅನ್ನು. ಒಂದೊಂದು ಎಂಜಿನ್ನಿನ ತಳ್ಳುಬಲ ಸುಮಾರು 3,700 ಕೆ.ಜಿ. ಆದರೆ ಬ್ರಿಟನ್ ಆ ಯೋಜನೆಯನ್ನೇ ಕೈಬಿಟ್ಟಿತು. ಬೇಕಾದರೆ ಅಭಿವೃದ್ಧಿಯ ಖರ್ಚು ನೀವೇ ಕೊಡಿ ಅಂದರು. ದಿಲ್ಲಿ ಕೊಡಲಿಲ್ಲ. ಕೊನೆಗೆ ಹಾಕಿದ್ದು ಸುಮಾರು 2,200 ಕೆ.ಜಿ. ಬಲದ ಆರ್ಫಿಯಸ್-703, ಎರಡು. ಸಾವಿರ ಅಡಿ ಬೋರಿಗೆ ಐದು ಎಚ್‌ಪಿ ಮೋಟಾರ್! ಬೆಂಗಳೂರಿನಿಂದ ಮಧುಗಿರಿಗೆ ಹೆಚ್ಚುಕಡಿಮೆ ನೂರು ಕಿಲೋಮೀಟರ್. ಕನಸಿನ ಮಾರುತ್‌ಗೆ ಅದು ಮೂರು ನಿಮಿಷದ ದಾರಿ. ನಿಜದ ಮಾರುತ್‌ಗೆ ಐದೂವರೆ ನಿಮಿಷ. ಯುದ್ಧದಲ್ಲಿ ಆ ಎರಡೂವರೆ ನಿಮಿಷ ಅಂದರೆ ಸಾವು-ಬದುಕು.

ಬಲ ಹೆಚ್ಚಿಸೋಕೆ ನಮ್ಮವರು ಪ್ರಯತ್ನಪಟ್ಟರು. ಅಂಥದ್ದೊಂದು ಮಾದರಿಯ ಪರೀಕ್ಷೆಯಲ್ಲೇ, 1970ರ ಜನವರಿಯಲ್ಲಿ, ಸುರಂಜನ್ ದಾಸ್ ಬೆಂಗಳೂರಿನಲ್ಲಿ ಪ್ರಾಣ ಬಿಟ್ಟರು. ಎಚ್‌ಎಎಲ್ ಬಳಿ ನೀವು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಬೈಯುವ ರಸ್ತೆಗೆ ಅವರದೇ ಹೆಸರು.

ಹಾಗಂತ ಮಾರುತ್ ಸೋತ ವಿಮಾನವಲ್ಲ. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ತಗ್ಗಿನಲ್ಲಿ ಹಾರಿ ಶತ್ರುವಿನ ಮೇಲೆ ಮುಗಿಬಿತ್ತು. ನೆಲದಿಂದ ಹಾರಿದ ಗುಂಡಿಗೆ ಕೆಲವು ಬಿದ್ದವು, ನಿಜ. ಆಕಾಶದ ಕಾಳಗದಲ್ಲಿ ಒಂದೂ ಬೀಳಲಿಲ್ಲ. ಒಂದು ಎಂಜಿನ್ ಕೆಟ್ಟರೂ ಇನ್ನೊಂದರ ಮೇಲೆ ಮನೆ ಸೇರಿದವು. ಆದರೂ 147ಕ್ಕೇ ಉತ್ಪಾದನೆ ನಿಂತಿತು. ಈಗ ಒಂದು ಮಾರುತ್ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ನಿಂತಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ಸ್ವಾಮಿ, ಇದು ಹಳೇ ಕಥೆ ಅಂದುಕೊಳ್ಳಬೇಡಿ. ತೇಜಸ್ ನೋಡಿ. 2021ರಲ್ಲಿ 83 ತೇಜಸ್ ಮಾರ್ಕ್-1ಎಗೆ ಒಪ್ಪಂದ ಆಯಿತು. ಎಂಜಿನ್ ಅಮೆರಿಕದ್ದು. ಆರ್ಡರ್ ಕೊಟ್ಟ 99 ಎಂಜಿನ್‌ಗಳಲ್ಲಿ ಮೊದಲನೆಯದು ಬಂದದ್ದು 2025ರ ಮಾರ್ಚ್‌ನಲ್ಲಿ! ನಮ್ಮದೇ ಕಾವೇರಿ ಎಂಜಿನ್ ಅನ್ನು 2008ರಲ್ಲೇ ತೇಜಸ್‌ನಿಂದ ಬೇರ್ಪಡಿಸಿದ್ದರು. ಅವರು ಎಂಜಿನ್ ಕೊಟ್ಟಾಗ ನಾವು ಹಾರಬೇಕು. ಕೊಡದಿದ್ದರೆ? ವಿಮಾನ ಶೆಡ್‌ನಲ್ಲಿ, ಪೈಲಟ್ ನೆಲದಲ್ಲಿ.

2023ರಲ್ಲಿ ನಿಮ್ಮದೇ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಗಿದೆ. ಸಂತೋಷ. ಆದರೆ ಪಾವಗಡದ ಹುಡುಗಿ, ಕೊರಟಗೆರೆಯ ಹುಡುಗ ಅಲ್ಲಿಗೆ ಬರೀ ನಟ್ಟು-ಬೋಲ್ಟು ಬಿಗಿಯೋಕೆ ಹೋಗಬೇಕಾ? ಎಂಜಿನ್ ವಿನ್ಯಾಸ ಮಾಡೋಕೂ ಹೋಗಬೇಕು. ಅದಕ್ಕೆ ನಿಮ್ಮೂರಿನ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಲ್ಯಾಬ್ ಬೇಕು, ಮೇಷ್ಟ್ರು ಬೇಕು. ಸೋತರೂ ಮತ್ತೆ ಕಾಸು ಕೊಡುವ ಸರ್ಕಾರ ಬೇಕು.

ಅಂದು ಒಂದು ಎಂಜಿನ್ನಿಗೆ ಕಾಸು ಕೊಡದೆ ಉಳಿಸಿದ್ದಕ್ಕೆ ನಾವು ಅರವತ್ತು ವರ್ಷ ದಂಡ ಕಟ್ಟಿದ್ದೇವೆ. ಇನ್ನೂ ಎಷ್ಟು ವರ್ಷ ಕಟ್ಟೋಣ? ಯೋಚನೆ ಮಾಡಿ.